ಕೆಟ್ಟ ಸಿನಿಮಾಗಳನ್ನು ಒಂದೇ ಒಂದು ಗುಣಕ್ಕಾಗಿ ನೋಡುವುದು ಹೇಗೆ

ಕಥೆ ಹಳಸಲು, ಸಂಭಾಷಣೆ ಪೇಲವ, ನಾಯಕನ ನಟನೆ ಮನಸ್ಸಿಗೆ ತಾಕುವುದೇ ಇಲ್ಲ. ಆದರೂ ಅದೇ ಸಿನಿಮಾದಲ್ಲಿ ಒಂದು ಹಾಡು, ಒಬ್ಬ ಖಳನಟ, ಒಂದು ಹೊಡೆದಾಟ ಅಥವಾ ಒಂದು ಪಾತ್ರದ ಮೇಕಪ್ ಮಾತ್ರ ಅಪ್ಪಟವಾಗಿರುತ್ತದೆ. ಇಂಥ ಚಿತ್ರಗಳು ಎಲ್ಲ ಭಾಷೆಗಳಲ್ಲೂ ಇವೆ. ಅವುಗಳ ಒಳ್ಳೆಯ ಭಾಗವೂ ಉಳಿದದ್ದರ ಜೊತೆಗೇ ಮರೆತುಹೋಗುತ್ತದೆ, ಮತ್ತು ಹಾಗೆ ಮರೆತುಹೋದದ್ದರಲ್ಲಿ ಒಬ್ಬ ಕಲಾವಿದ ತನ್ನ ಜೀವಮಾನದಲ್ಲಿ ಮಾಡಿದ ಅತ್ಯುತ್ತಮ ಕೆಲಸವೂ ಸೇರಿರಬಹುದು. ಅಂಥ ಕೆಲಸವನ್ನು ಹುಡುಕುವುದು ಹೇಗೆ, ಸಿಕ್ಕ ಮೇಲೆ ಇಡೀ ಸಿನಿಮಾ ನೋಡಬೇಕೇ ಅಥವಾ ಆ ಭಾಗವನ್ನಷ್ಟೇ ನೋಡಿದರೆ ಸಾಕೇ, ನೋಡುವಾಗ ಗಮನವನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಎರಡು ಬಗೆಯ ಚಿತ್ರಗಳನ್ನು ಈ ಲೆಕ್ಕದಿಂದ ಹೊರಗಿಡಬೇಕು. ನಗುವುದಕ್ಕೆಂದೇ ನೋಡುವ ಕೆಟ್ಟ ಚಿತ್ರಗಳು ಒಂದು ಬಗೆ. ಎಡ್ ವುಡ್ ನಿರ್ದೇಶನದ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’ ಚಿತ್ರಕ್ಕೆ ಮೆಡ್ವೆಡ್ ಸಹೋದರರು 1980ರ ತಮ್ಮ ಪುಸ್ತಕದಲ್ಲಿ ಸಾರ್ವಕಾಲಿಕ ಕೆಟ್ಟ ಚಿತ್ರವೆಂಬ ಪಟ್ಟ ಕಟ್ಟಿದ ಮೇಲೆ ಅದನ್ನು ಗುಂಪಾಗಿ ಕುಳಿತು ನೋಡಿ ನಗುವವರ ಒಂದು ಬಳಗವೇ ಬೆಳೆಯಿತು. ಅಲ್ಲಿ ಪ್ರೇಕ್ಷಕ ಸವಿಯುವುದು ದೋಷವನ್ನು. ನಾವು ಹುಡುಕುತ್ತಿರುವುದು ಗುಣವನ್ನು. ಒಳ್ಳೆಯದಾಗಿದ್ದೂ ಸೋತ ಚಿತ್ರಗಳು ಇನ್ನೊಂದು ಬಗೆ. ಗುರುದತ್ ಅವರ ‘ಕಾಗಜ್ ಕೆ ಫೂಲ್’ 1959ರಲ್ಲಿ ನೆಲಕಚ್ಚಿತು, ಆದರೆ ಮೈಸೂರಿನವರಾದ ಛಾಯಾಗ್ರಾಹಕ ವಿ.ಕೆ. ಮೂರ್ತಿ ಖಾಲಿ ಸ್ಟುಡಿಯೋದೊಳಗೆ ಇಳಿಬಿಟ್ಟ ಆ ಬೆಳಕಿನ ಕೋಲು ಕೆಟ್ಟ ಚಿತ್ರವೊಂದರ ಒಳ್ಳೆಯ ಅಂಶವಲ್ಲ. ಅದು ಶ್ರೇಷ್ಠ ಚಿತ್ರವೊಂದರ ಶ್ರೇಷ್ಠ ಅಂಶ. ಆದ್ದರಿಂದ ಗಲ್ಲಾಪೆಟ್ಟಿಗೆಯ ಲೆಕ್ಕವನ್ನು ನೋಡಿ ಸಿನಿಮಾ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸಬಾರದು.

ಯಾವ ಕೆಲಸ ಉಳಿಯುತ್ತದೆ, ಏಕೆ ಉಳಿಯುತ್ತದೆ

ಸಿನಿಮಾ ಸಾಮೂಹಿಕ ಕಲೆ ಎನ್ನುತ್ತೇವೆ, ಆದರೆ ಆ ಸಮೂಹದವರೆಲ್ಲ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಕೆಲಸ ಮಾಡುವುದಿಲ್ಲ. ನಮ್ಮ ದೇಶದ ಚಿತ್ರಗಳಲ್ಲಿ ಹಾಡುಗಳು ಸಾಮಾನ್ಯವಾಗಿ ಚಿತ್ರೀಕರಣಕ್ಕೆ ಮೊದಲೇ, ಎಷ್ಟೋ ಸಲ ಚಿತ್ರಕಥೆ ಪೂರ್ತಿಯಾಗುವುದಕ್ಕೂ ಮೊದಲೇ ಧ್ವನಿಮುದ್ರಣವಾಗಿಬಿಟ್ಟಿರುತ್ತವೆ. ಹಿನ್ನೆಲೆ ಸಂಗೀತ ಸೇರುವುದು ಸಂಕಲನವೆಲ್ಲ ಮುಗಿದ ಮೇಲೆ. ಹೊಡೆದಾಟದ ದೃಶ್ಯಗಳನ್ನು ಸಾಹಸ ನಿರ್ದೇಶಕರು ತಮ್ಮದೇ ತಂಡ ಕಟ್ಟಿಕೊಂಡು ಸಂಯೋಜಿಸುತ್ತಾರೆ. ಮೇಕಪ್ ಕಲಾವಿದರ ಕೆಲಸದ ಬಹುಭಾಗ ಕ್ಯಾಮೆರಾ ಓಡುವ ಮೊದಲೇ ಆಗಿರುತ್ತದೆ. ತಮಿಳಿನಲ್ಲಿ ಗೌಂಡಮಣಿ–ಸೆಂದಿಲ್ ಜೋಡಿಯ ಹಾಸ್ಯದ ಭಾಗಗಳನ್ನು ಎ. ವೀರಪ್ಪನ್ ಎಂಬ ಬರಹಗಾರರು ಕಥೆಯ ಹಂಗಿಲ್ಲದೆ ಪ್ರತ್ಯೇಕವಾಗಿಯೇ ಬರೆಯುತ್ತಿದ್ದರು. ಹೀಗಾಗಿ ಕಥೆ ಮರೆತುಹೋದ ಎಷ್ಟೋ ಚಿತ್ರಗಳ ಹಾಸ್ಯ ಇಂದಿಗೂ ಟಿವಿಯಲ್ಲಿ ಬಿಡಿಬಿಡಿಯಾಗಿ ಓಡುತ್ತದೆ. ಖಳನಟನಿಗಂತೂ ದೃಶ್ಯಗಳು ಕಡಿಮೆ, ಕಥೆಯನ್ನು ಹೊತ್ತು ಸಾಗುವ ಹೊಣೆ ಇಲ್ಲ, ಪ್ರೇಕ್ಷಕರ ಒಲವು ಗಳಿಸಬೇಕೆಂಬ ಕಟ್ಟುಪಾಡೂ ಇಲ್ಲ.

ಈ ಕಾರಣಗಳಿಂದಾಗಿ, ಚಿತ್ರಕಥೆಯಿಂದ ಎಷ್ಟು ದೂರದಲ್ಲಿ ನಡೆಯುವ ಕೆಲಸವೋ ಅಷ್ಟು ಹೆಚ್ಚು ಅದು ಚಿತ್ರ ಕುಸಿದರೂ ಉಳಿಯುವ ಸಂಭವವಿದೆ ಎಂದು ನಾನು ನಂಬುತ್ತೇನೆ, ಮತ್ತು ಹುಡುಕಾಟಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಹಾಡು, ಹಿನ್ನೆಲೆ ಸಂಗೀತ, ಖಳಪಾತ್ರ, ಸಾಹಸ, ಮೇಕಪ್, ವಸ್ತ್ರವಿನ್ಯಾಸ, ಸೆಟ್ಟು: ಇವುಗಳಲ್ಲಿ ಹುಡುಕಿದರೆ ಸಿಗುತ್ತದೆ. ಸಂಭಾಷಣೆ, ಸಂಕಲನ, ನಾಯಕ–ನಾಯಕಿಯರ ಅಭಿನಯ ಇವೆಲ್ಲ ಕಥೆಯ ಬೆನ್ನೆಲುಬಿಗೇ ಅಂಟಿಕೊಂಡಿರುವುದರಿಂದ ಅದು ಮುರಿದಾಗ ಇವೂ ಮುರಿಯುತ್ತವೆ. ಕೆಟ್ಟ ಚಿತ್ರದಲ್ಲಿ ನಾಯಕನ ಅಭಿನಯವೊಂದೇ ಶ್ರೇಷ್ಠವಾಗಿದೆ ಎಂದು ಯಾರಾದರೂ ಹೇಳಿದರೆ ಅದು ಅಭಿಮಾನದ ಮಾತೇ ಎಂದು ಒಮ್ಮೆ ವಿಚಾರಿಸಿ ನೋಡುವುದು ಒಳ್ಳೆಯದು.

ಹಾಡಿನ ವಿಷಯದಲ್ಲಿ ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ ಕಮಾಲ್ ಅಮ್ರೋಹಿ ನಿರ್ದೇಶನದ ‘ರಜಿಯಾ ಸುಲ್ತಾನ್’. ಹೇಮಾಮಾಲಿನಿ ದೆಹಲಿಯ ಸುಲ್ತಾನಳಾಗಿಯೂ ಧರ್ಮೇಂದ್ರ ಗುಲಾಮ ಯಾಕೂತನಾಗಿಯೂ ನಟಿಸಿದ ಈ ಭಾರೀ ವೆಚ್ಚದ ಚಿತ್ರ 1983ರಲ್ಲಿ ತೆರೆಕಂಡು ಸೋತಿತು. ನಡೆ ಬಹಳ ನಿಧಾನ, ಉರ್ದು ಸಂಭಾಷಣೆ ಸಾಮಾನ್ಯ ಪ್ರೇಕ್ಷಕನಿಗೆ ನಿಲುಕದಷ್ಟು ಗಡುಸು, ಧರ್ಮೇಂದ್ರರ ಮುಖಕ್ಕೆ ಬಳಿದ ಕಪ್ಪು ಬಣ್ಣ ಅಂದಿಗೂ ನಂಬಲಾಗದ್ದು, ಇಂದಿಗೆ ಒಪ್ಪಲಾಗದ್ದು. ಆದರೆ ಅದರ ಹಾಡುಗಳ ಮಾತೇ ಬೇರೆ. ‘ಏ ದಿಲ್‌-ಎ-ನಾದಾನ್’ ಬರೆದ ಜಾನ್ ನಿಸಾರ್ ಅಖ್ತರ್ ತೀರಿಕೊಂಡದ್ದು 1976ರಲ್ಲಿ, ಅಂದರೆ ಚಿತ್ರ ಬಿಡುಗಡೆಯಾಗುವುದಕ್ಕೆ ಏಳು ವರ್ಷ ಮೊದಲು. ಚಿತ್ರ ಮುಂದೆ ಹೇಗೆ ದಾರಿ ತಪ್ಪಲಿದೆಯೆಂಬುದರ ಸೋಂಕು ಆ ಸಾಹಿತ್ಯಕ್ಕೆ ತಗಲುವಂತೆಯೇ ಇರಲಿಲ್ಲ.

ಆ ಹಾಡನ್ನು ಹತ್ತಿರದಿಂದ ಗಮನಿಸಿ. ಸಂಗೀತ ನಿರ್ದೇಶಕ ಖಯ್ಯಾಮ್ ಇಲ್ಲಿ ಸಾಲುಗಳ ನಡುವೆ ವಾದ್ಯಗಳನ್ನು ತುಂಬುವ ರೂಢಿಯನ್ನು ಬಿಟ್ಟುಕೊಟ್ಟಿದ್ದಾರೆ. ಲತಾ ಮಂಗೇಶ್ಕರ್ ಒಂದು ಸಾಲು ಹಾಡುತ್ತಾರೆ, ಸಂತೂರ್ ಒಂದಿಷ್ಟು ಮಿಡಿಯುತ್ತದೆ, ಆಮೇಲೆ ಎಲ್ಲವೂ ನಿಲ್ಲುತ್ತದೆ. ತಾಳವೂ ಇಲ್ಲ, ಶ್ರುತಿಯ ಎಳೆಯೂ ಇಲ್ಲ, ಬರೀ ಮೌನ. ಆ ಮೌನ ಮುಗಿದು ಮುಂದಿನ ಸಾಲು ಬರುವವರೆಗೆ ಕೇಳುಗ ಉಸಿರು ಬಿಗಿಹಿಡಿದಿರುತ್ತಾನೆ. ಪರದೆಯ ಮೇಲೆ ಮರಳುಗಾಡು, ಒಂಟೆಯ ನಡಿಗೆ. ಆ ಬಯಲಿನ ಅಗಲ ಎಷ್ಟೆಂಬುದು ದೃಶ್ಯಕ್ಕಿಂತ ಹೆಚ್ಚಾಗಿ ಆ ನಿಲುಗಡೆಗಳಿಂದಲೇ ಅರಿವಿಗೆ ಬರುತ್ತದೆ. ಅದೇ ಚಿತ್ರದ ‘ಆಯಿ ಜಂಜೀರ್ ಕಿ ಝಂಕಾರ್’ ಹಾಡಿದವರು ಕಬ್ಬನ್ ಮಿರ್ಜಾ. ಅವರು ಚಿತ್ರರಂಗದ ಗಾಯಕರಲ್ಲ, ಆಕಾಶವಾಣಿಯ ಉದ್ಘೋಷಕರು. ಆ ಭಾರವಾದ, ಪಳಗದ, ಸ್ವಲ್ಪ ಒಡೆದ ಕಂಠದಲ್ಲಿ ಸಂಕೋಲೆ ತೊಟ್ಟ ಯೋಧನೊಬ್ಬ ಕಾಣುತ್ತಾನೆ. ಯಾಕೂತನ ಪಾತ್ರಕ್ಕೆ ಮೇಕಪ್ಪಾಗಲಿ ಸಂಭಾಷಣೆಯಾಗಲಿ ಕೊಡಲಾಗದ ಘನತೆಯನ್ನು ಆ ಒಂದು ಕಂಠ ಕೊಟ್ಟಿದೆ.

ಕನ್ನಡದಲ್ಲಿ ಇದೇ ಸಾಲಿಗೆ ನಾನು ಸೇರಿಸುವ ಚಿತ್ರ ವಿ. ರವಿಚಂದ್ರನ್ ಅವರ ‘ಶಾಂತಿ ಕ್ರಾಂತಿ’ (1991). ಕನ್ನಡದ ಜೊತೆಗೆ ತಮಿಳು, ತೆಲುಗು, ಹಿಂದಿಗಳಲ್ಲೂ ಏಕಕಾಲಕ್ಕೆ ತಯಾರಾದ ಆ ಸಾಹಸ ಹಣಕಾಸಿನ ದೃಷ್ಟಿಯಿಂದ ದೊಡ್ಡ ಪೆಟ್ಟು ತಿಂದಿತು. ಅಬ್ಬರಕ್ಕೆ ತಕ್ಕ ಗಟ್ಟಿ ಕಥೆ ಅದರಲ್ಲಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಹಂಸಲೇಖ ಸಂಗೀತದ ‘ಮಧ್ಯರಾತ್ರಿಲಿ ಹೈವೇ ರಸ್ತೆಲಿ’ ಕೇಳಿದವರಿಗೆ ಆ ಸೋಲಿನ ನೆನಪೇ ಬರುವುದಿಲ್ಲ. ಆಡುಮಾತಿನ ಲಯವನ್ನು ಹಾಡಿನ ಲಯವಾಗಿಸುವ ಹಂಸಲೇಖ ಅವರ ಕಲೆಯನ್ನು ಅಭ್ಯಾಸ ಮಾಡಬೇಕೆನ್ನುವವರು ಗೆದ್ದ ಚಿತ್ರಗಳ ಜೊತೆಗೆ ಈ ಸೋತ ಚಿತ್ರವನ್ನೂ ಕೇಳಲೇಬೇಕು.

ಹಿನ್ನೆಲೆ ಸಂಗೀತಕ್ಕೆ ಬಂದರೆ, ಜಾನ್ ಬೂರ್‌ಮನ್ ನಿರ್ದೇಶಿಸಿದ ‘ಎಕ್ಸಾರ್ಸಿಸ್ಟ್ 2: ದಿ ಹೆರೆಟಿಕ್’ (1977) ನೋಡಿ. ಮೊದಲ ಭಾಗಕ್ಕೆ ಬೆದರಿದ್ದ ಪ್ರೇಕ್ಷಕರು ಈ ಎರಡನೆಯದಕ್ಕೆ ಚಿತ್ರಮಂದಿರದಲ್ಲೇ ನಕ್ಕರು. ಬಿಡುಗಡೆಯಾದ ಮೇಲೂ ನಿರ್ದೇಶಕರು ಚಿತ್ರವನ್ನು ಮತ್ತೆ ಕತ್ತರಿಸಿ ಜೋಡಿಸಬೇಕಾಯಿತು. ಆದರೆ ಎನ್ನಿಯೋ ಮೊರಿಕೋನೆ ಅದಕ್ಕೆ ಕೊಟ್ಟ ಸಂಗೀತದಲ್ಲಿ, ವಿಶೇಷವಾಗಿ ರೇಗನ್ ಎಂಬ ಹುಡುಗಿಗಾಗಿ ಬರೆದ ಜೋಗುಳದಂಥ ರಾಗದಲ್ಲಿ, ಚಿತ್ರ ಹೇಳಲು ಹೊರಟು ಹೇಳಲಾಗದ ಕರುಣೆಯಿದೆ. ಕ್ವೆಂಟಿನ್ ಟ್ಯಾರಂಟಿನೋ 2015ರ ‘ದಿ ಹೇಟ್‌ಫುಲ್ ಏಟ್’ ಚಿತ್ರದಲ್ಲಿ ಈ ಹಳೆಯ ಸಂಗೀತದ ಭಾಗವನ್ನು ಮತ್ತೆ ಬಳಸಿದರು. ಆ ಚಿತ್ರದ ಹೊಸ ಸಂಗೀತಕ್ಕಾಗಿ ಮೊರಿಕೋನೆ ಅವರಿಗೆ ಆಸ್ಕರ್ ಬಂದಿತು. ಹಾಗೆಯೇ ‘ಸ್ಟಾರ್ ವಾರ್ಸ್’ ಸರಣಿಯ ‘ದಿ ಫ್ಯಾಂಟಮ್ ಮೆನೇಸ್’ (1999) ಮರದಂಥ ಸಂಭಾಷಣೆಗೂ ವ್ಯಾಪಾರ ಸುಂಕದ ಜಗಳದ ಕಥೆಗೂ ಇಂದಿಗೂ ಟೀಕೆಗೆ ಗುರಿಯಾಗುತ್ತದೆ. ಆದರೆ ಕೊನೆಯ ಕತ್ತಿ ಕಾಳಗಕ್ಕೆ ಜಾನ್ ವಿಲಿಯಮ್ಸ್ ಬರೆದ ಸಮೂಹಗಾನವನ್ನು ಟೀಕಿಸಿದವರು ವಿರಳ. ವೇಲ್ಸ್ ನಾಡಿನ ಪ್ರಾಚೀನ ಕವಿತೆಯೊಂದರ ತುಣುಕನ್ನು ಸಂಸ್ಕೃತಕ್ಕೆ ತಂದು, ಅದರ ಸ್ವರಗಳ ತುಂಬು ನಾದಕ್ಕಾಗಿಯೇ ಲಂಡನ್ನಿನ ಗಾಯಕರಿಂದ ಹಾಡಿಸಿದ್ದಾರೆ. ನಮ್ಮ ಕಿವಿಗೆ ಪರಿಚಿತವಾದ ನುಡಿಯೊಂದು ಅಪರಿಚಿತ ಕಂಠಗಳಲ್ಲಿ ಹೊಮ್ಮುವುದನ್ನು ಕೇಳಲಿಕ್ಕಾದರೂ ಆ ದೃಶ್ಯವನ್ನು ಒಳ್ಳೆಯ ಸ್ಪೀಕರಿನಲ್ಲಿ ಕೇಳಬೇಕು.

ಖಳನಟರ ವಿಷಯವನ್ನು ಕನ್ನಡಿಗರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಸಾಧಾರಣ ಚಿತ್ರಗಳಲ್ಲೂ ವಜ್ರಮುನಿ ಪರದೆಗೆ ಬಂದ ಕೂಡಲೇ ದೃಶ್ಯ ಬಿಗಿಯಾಗುತ್ತಿದ್ದುದನ್ನು ಕಂಡವರು ನಾವು. ಇದರ ಅತ್ಯುನ್ನತ ಮಾದರಿಯೆಂದು ನಾನು ತಿಳಿದಿರುವುದು ‘ಸ್ಟ್ರೀಟ್ ಫೈಟರ್’ (1994) ಚಿತ್ರದಲ್ಲಿ ರೌಲ್ ಹುಲಿಯಾ ಮಾಡಿದ ಜನರಲ್ ಬೈಸನ್ ಪಾತ್ರವನ್ನು. ಪೋರ್ಟೊ ರಿಕೊ ಮೂಲದ ಹುಲಿಯಾ ನ್ಯೂಯಾರ್ಕ್ ರಂಗಭೂಮಿಯಲ್ಲಿ ಶೇಕ್ಸ್‌ಪಿಯರ್ ನಾಟಕಗಳನ್ನು ಆಡಿ ಬೆಳೆದ ನಟ. ವಿಡಿಯೋ ಗೇಮ್ ಆಧರಿಸಿದ ಈ ಚಿತ್ರ ಮಾಡುವಾಗ ಅವರಿಗೆ ಕ್ಯಾನ್ಸರ್ ಇತ್ತು. ಮಕ್ಕಳಿಗೆ ಆ ಗೇಮ್ ಇಷ್ಟವೆಂದು ಪಾತ್ರ ಒಪ್ಪಿಕೊಂಡಿದ್ದರು. 1994ರ ಅಕ್ಟೋಬರ್ 24ರಂದು ಅವರು ತೀರಿಕೊಂಡರು, ಚಿತ್ರ ಅದೇ ವರ್ಷದ ಡಿಸೆಂಬರಿನಲ್ಲಿ ಅವರಿಗೆ ಅರ್ಪಣೆಯಾಗಿ ಬಿಡುಗಡೆಯಾಯಿತು. ಸುತ್ತಲಿನ ನಟರು ಗೇಮಿನ ಬೊಂಬೆಗಳಂತೆ ನಿಂತಿರುವಾಗ ಹುಲಿಯಾ ಮಾತ್ರ ಒಂದು ಮಹಾನಾಟಕದ ದೊರೆಯಂತೆ ನಡೆಯುತ್ತಾರೆ. ತನ್ನ ತಂದೆಯನ್ನು ಕೊಂದವನೆದುರು ನಿಂತ ಚುನ್ ಲೀ ಆ ದಿನದ ಕಥೆಯನ್ನೆಲ್ಲ ಆವೇಶದಿಂದ ಹೇಳುತ್ತಾಳೆ. ಆತ ಕೇಳಿಸಿಕೊಂಡು, ತನಗೆ ಅದು ನೆನಪೇ ಇಲ್ಲವೆನ್ನುತ್ತಾನೆ; ಅವಳ ಬದುಕಿನ ಅತಿ ಮುಖ್ಯ ದಿನ ತನ್ನ ಪಾಲಿಗೆ ವಾರದ ಒಂದು ಮಂಗಳವಾರವಷ್ಟೇ ಎಂದು ಶಾಂತವಾಗಿ ತಿಳಿಸುತ್ತಾನೆ. ಆ ಸಾಲನ್ನು ಹುಲಿಯಾ ಗರ್ಜಿಸುವುದಿಲ್ಲ, ಹಲ್ಲು ಕಡಿಯುವುದಿಲ್ಲ. ಅತಿಥಿಗೆ ವಿಷಯ ವಿವರಿಸುವ ಸೌಜನ್ಯದಿಂದ ಹೇಳುತ್ತಾರೆ. ಕ್ರೌರ್ಯ ಇರುವುದೇ ಆ ಸೌಜನ್ಯದಲ್ಲಿ.

ಅಲನ್ ರಿಕ್‌ಮನ್ ‘ರಾಬಿನ್ ಹುಡ್: ಪ್ರಿನ್ಸ್ ಆಫ್ ಥೀವ್ಸ್’ (1991) ಚಿತ್ರದಲ್ಲಿ ಮಾಡಿದ ನಾಟಿಂಗ್‌ಹ್ಯಾಮಿನ ಶೆರಿಫ್ ಪಾತ್ರವೂ ಇದೇ ಜಾತಿಗೆ ಸೇರಿದ್ದು. ತಮ್ಮ ಸಾಲುಗಳನ್ನು ಸ್ನೇಹಿತರ ನೆರವಿನಿಂದ ಅವರೇ ತಿದ್ದಿಕೊಂಡಿದ್ದರು. ಚಿತ್ರಕಥೆಯಿಂದ ದೂರ ನಿಂತ ಕೆಲಸ ಉಳಿಯುತ್ತದೆ ಎಂಬ ಮಾತಿಗೆ ಇದೊಂದು ಪುಷ್ಟಿ.

ಸಾಹಸ ದೃಶ್ಯಕ್ಕೆ ಥಾಯ್ಲೆಂಡಿನ ‘ಟಾಮ್ ಯಮ್ ಗೂಂಗ್’ (2005) ಒಂದೇ ಸಾಕು. ಕದ್ದೊಯ್ದ ಆನೆಗಳನ್ನು ಹುಡುಕಿಕೊಂಡು ನಾಯಕ ಆಸ್ಟ್ರೇಲಿಯಾಕ್ಕೆ ಹೋಗುವ ಕಥೆ ತೀರ ಬಡಕಲು. ಆದರೆ ನಡುವೆ ಟೋನಿ ಜಾ ಒಂದು ಬಹುಮಹಡಿ ಹೋಟೆಲಿನ ಸುರುಳಿ ಇಳಿಜಾರಿನಲ್ಲಿ ಶತ್ರುಗಳನ್ನು ಬಡಿಯುತ್ತ ಮೇಲೇರುವುದನ್ನು ಸುಮಾರು ನಾಲ್ಕು ನಿಮಿಷ ಒಂದೇ ಶಾಟಿನಲ್ಲಿ, ಎಲ್ಲೂ ಕತ್ತರಿಸದೆ ಚಿತ್ರಿಸಿದ್ದಾರೆ. ಮೇಲೇರಿದಂತೆ ಆತನ ಏದುಸಿರು ನಟನೆಯಾಗಿ ಉಳಿಯುವುದಿಲ್ಲ. ಹೊಡೆತ ಹೊಡೆತಕ್ಕೂ ಕತ್ತರಿ ಹಾಕಿ ಜೋಡಿಸಿದ ನಮ್ಮ ಇತ್ತೀಚಿನ ಹೊಡೆದಾಟಗಳನ್ನು ನೋಡಿ ದಣಿದವರು ಇದನ್ನು ತಪ್ಪದೆ ನೋಡಬೇಕು.

ಹುಡುಕುವ ದಾರಿ

ಮೊದಲ ದಾರಿ ಪ್ರಶಸ್ತಿಗಳ ಪಟ್ಟಿ. ಆದರೆ ಅತ್ಯುತ್ತಮ ಚಿತ್ರ, ಅತ್ಯುತ್ತಮ ನಟ ಎಂಬ ಮೇಲಿನ ಸಾಲುಗಳನ್ನು ಬಿಟ್ಟು ಕೆಳಗಿನ ತಾಂತ್ರಿಕ ವಿಭಾಗಗಳನ್ನು ಓದಬೇಕು. ಅಮೆರಿಕದಲ್ಲಿ ವರ್ಷದ ಕಳಪೆ ಕೆಲಸಕ್ಕೆ ಕೊಡುವ ರ್‍ಯಾಜಿ ಪಟ್ಟಿಯನ್ನೂ ಗೌರವದ ಪ್ರಶಸ್ತಿಗಳ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು, ಎರಡರಲ್ಲೂ ಇರುವ ಹೆಸರುಗಳನ್ನು ಗುರುತು ಮಾಡಿಕೊಳ್ಳಿ. ಮೇಲೆ ಹೇಳಿದ ‘ರಾಬಿನ್ ಹುಡ್’ ಚಿತ್ರಕ್ಕಾಗಿ ನಾಯಕ ಕೆವಿನ್ ಕಾಸ್ಟ್‌ನರ್ ರ್‍ಯಾಜಿ ಪಡೆದರು, ಖಳನಟ ರಿಕ್‌ಮನ್ ಬ್ರಿಟನ್ನಿನ ಬಾಫ್ಟಾ ಪಡೆದರು. ಎಡ್ಡಿ ಮರ್ಫಿಯ ‘ನಾರ್ಬಿಟ್’ (2007) ನಟನೆಗೆ ಮೂರು ರ್‍ಯಾಜಿ ಗಳಿಸಿತು, ಮೇಕಪ್ಪಿಗೆ ಆಸ್ಕರ್ ನಾಮನಿರ್ದೇಶನವನ್ನೂ ಪಡೆಯಿತು. ವಿಮರ್ಶಕರು ತಿರಸ್ಕರಿಸಿದ ‘ಸೂಯಿಸೈಡ್ ಸ್ಕ್ವಾಡ್’ (2016) ಮೇಕಪ್ಪಿಗೆ ಆಸ್ಕರ್ ಗೆದ್ದೇಬಿಟ್ಟಿತು. ನಮ್ಮಲ್ಲಿ ರಾಷ್ಟ್ರಪ್ರಶಸ್ತಿಗಳ ಮತ್ತು ಕರ್ನಾಟಕ ರಾಜ್ಯ ಪ್ರಶಸ್ತಿಗಳ ಪಟ್ಟಿಯಲ್ಲಿ ಸಂಗೀತ, ಛಾಯಾಗ್ರಹಣ, ಹಿನ್ನೆಲೆ ಗಾಯನದ ಸಾಲುಗಳನ್ನು ಹೀಗೆಯೇ ಓದಬಹುದು. ಮಣಿರತ್ನಂ ಅವರ ‘ಕಾಟ್ರು ವೆಳಿಯಿಡೈ’ (2017) ಹಲವರಿಗೆ ನಿರಾಸೆ ತಂದ ಚಿತ್ರ, ಆದರೆ ಅದರ ಹಾಡುಗಳಿಗೆ ಎ.ಆರ್. ರೆಹಮಾನ್ ರಾಷ್ಟ್ರಪ್ರಶಸ್ತಿ ಪಡೆದರು.

ಎರಡನೆಯದು, ಚಿತ್ರವನ್ನು ತೆಗಳಿದ ವಿಮರ್ಶೆಗಳನ್ನು ಪೂರ್ತಿ ಓದುವುದು. ಹೊಗಳಿಕೆಯ ವಿಮರ್ಶೆಯಿಂದ ನಮಗೆ ಇಲ್ಲಿ ಉಪಯೋಗವಿಲ್ಲ. ಸಿಟ್ಟಿನಿಂದ ಬರೆದ ವಿಮರ್ಶೆಯ ಒಳಗೆ ಬರೆದವರು ತಡೆಯಲಾರದೆ ಮೆಚ್ಚಿಕೊಂಡ ಒಂದು ಸಾಲಿದ್ದರೆ ಅದೇ ಸುಳಿವು. ಒಂದು ಎಚ್ಚರ ಬೇಕು. ಶುಕ್ರವಾರದ ಚಿತ್ರಗಳಿಗೆ ಶನಿವಾರ ಬರೆಯುವ ನಮ್ಮ ವಿಮರ್ಶೆಗಳ ಕೊನೆಯ ಪ್ಯಾರಾದಲ್ಲಿ ‘ಛಾಯಾಗ್ರಹಣ ಕಣ್ಣಿಗೆ ತಂಪು, ಹಾಡುಗಳು ಗುನುಗುವಂತಿವೆ’ ಎಂಬ ಮಾತು ಪ್ರತಿವಾರವೂ ಇರುತ್ತದೆ. ಅದು ವಾಡಿಕೆಯ ಮಾತು. ಯಾವ ದೃಶ್ಯ, ಯಾವ ಹಾಡು, ಏನು ಹೊಸದು ಎಂದು ಬಿಡಿಸಿ ಹೇಳಿದ್ದರೆ ಮಾತ್ರ ನಂಬಬೇಕು.

ನನಗೆ ಹೆಚ್ಚು ಫಲ ಕೊಟ್ಟದ್ದು ಮೂರನೆಯ ದಾರಿ: ನಟರನ್ನು ಬಿಟ್ಟು ತಂತ್ರಜ್ಞರನ್ನು ಹಿಂಬಾಲಿಸುವುದು. ನಿಮಗೆ ಇಷ್ಟವಾದ ಚಿತ್ರದ ಟೈಟಲ್ ಕಾರ್ಡಿನಲ್ಲಿ ಸಂಗೀತ, ಛಾಯಾಗ್ರಹಣ, ಕಲಾ ನಿರ್ದೇಶನ, ಸಾಹಸ ಈ ನಾಲ್ಕು ಹೆಸರುಗಳನ್ನು ಬರೆದುಕೊಂಡು, ಆ ವ್ಯಕ್ತಿ ಅದೇ ಅವಧಿಯಲ್ಲಿ ಮಾಡಿದ, ಯಾರೂ ಹೆಸರೆತ್ತದ ಚಿತ್ರಗಳನ್ನು ನೋಡಿ. ವಿಜಯಭಾಸ್ಕರ್, ರಾಜನ್–ನಾಗೇಂದ್ರ, ಜಿ.ಕೆ. ವೆಂಕಟೇಶ್ ಮುಂತಾದವರು ಗೆದ್ದ ಚಿತ್ರಕ್ಕೊಂದು, ಸೋಲುವ ಚಿತ್ರಕ್ಕೊಂದು ಎಂದು ಎರಡು ಬಗೆಯ ರಾಗ ಇಟ್ಟುಕೊಂಡಿರಲಿಲ್ಲ. ಆಕಾಶವಾಣಿಯಲ್ಲಿ ಚಿತ್ರದ ಹೆಸರು ಕೇಳಿ ‘ಇಂಥದ್ದೊಂದು ಸಿನಿಮಾ ಇತ್ತೇ’ ಎಂದು ಅಚ್ಚರಿಪಟ್ಟ ಹಾಡುಗಳಿದ್ದರೆ, ನಿಮ್ಮ ಪಟ್ಟಿಯನ್ನು ಅಲ್ಲಿಂದಲೇ ಆರಂಭಿಸಬಹುದು.

ಇಡೀ ಚಿತ್ರವೋ, ಬಿಡಿ ಭಾಗವೋ

ಇದನ್ನು ನೋಡಲು ಕೂರುವ ಮೊದಲೇ ತೀರ್ಮಾನಿಸಬೇಕು. ಆ ಒಳ್ಳೆಯ ಅಂಶವನ್ನು ಚಿತ್ರದಿಂದ ಬಿಡಿಸಿ ತೆಗೆದರೆ ಅದು ತಾನಾಗಿ ನಿಲ್ಲುತ್ತದೆಯೇ ಎಂದು ಕೇಳಿಕೊಳ್ಳಿ. ಮೊರಿಕೋನೆಯ ಸಂಗೀತ ನಿಲ್ಲುತ್ತದೆ. ಅದಕ್ಕಾಗಿ ಎರಡು ತಾಸು ‘ಹೆರೆಟಿಕ್’ ನೋಡುವ ಅಗತ್ಯ ಯಾರಿಗೂ ಇಲ್ಲ, ಧ್ವನಿಮುದ್ರಿಕೆ ಕೇಳಿದರೆ ಸಾಕು. ಟೋನಿ ಜಾನ ನಾಲ್ಕು ನಿಮಿಷಗಳೂ ಬಿಡಿಯಾಗಿ ನಿಲ್ಲುತ್ತವೆ. ‘ಏ ದಿಲ್‌-ಎ-ನಾದಾನ್’ ಬಿಡಿಯಾಗಿ ಕೇಳಿದರೂ ಪೂರ್ಣ, ಆದರೆ ಒಮ್ಮೆಯಾದರೂ ಮರಳುಗಾಡಿನ ದೃಶ್ಯದ ಜೊತೆ ನೋಡಬೇಕು.

ಅಭಿನಯದ ಮಾತು ಬೇರೆ. ಹುಲಿಯಾ ಅವರ ಮಂಗಳವಾರದ ಮಾತು ಯೂಟ್ಯೂಬಿನಲ್ಲಿ ತುಣುಕಾಗಿ ಸಿಗುತ್ತದೆ, ಆದರೆ ತುಣುಕು ನೋಡಿದವರಿಗೆ ಅದು ಒಂದು ಚತುರ ಸಂಭಾಷಣೆಯಾಗಿ ಮಾತ್ರ ಕಾಣುತ್ತದೆ. ಅದೇ ಬೈಸನ್ ತಾನು ಕಟ್ಟಲಿರುವ ನಗರದ ಮಾದರಿಯನ್ನು ಮುಂದಿಟ್ಟುಕೊಂಡು ಊಟದ ಮಳಿಗೆಗಳ ವಿಸ್ತಾರದ ಬಗ್ಗೆ ಗಂಭೀರವಾಗಿ ಚರ್ಚಿಸುವುದನ್ನು, ತನ್ನ ಮುಖವಿರುವ ನೋಟು ಅಚ್ಚು ಹಾಕಿಸಿ ಅದರ ಬೆಲೆಯನ್ನು ಪೂರ್ಣ ನಂಬಿಕೆಯಿಂದ ವಿವರಿಸುವುದನ್ನು ನೋಡಿದ ಮೇಲಷ್ಟೇ ಆ ನಟ ಒಂದು ಕೇಡಿನ ಮನಸ್ಸನ್ನು ಎಷ್ಟು ಶ್ರದ್ಧೆಯಿಂದ ಕಟ್ಟಿದ್ದಾರೆಂಬುದು ತಿಳಿಯುತ್ತದೆ. ಅಭಿನಯಕ್ಕಾಗಿ ನೋಡುವುದಾದರೆ ಆ ನಟ ಇರುವ ದೃಶ್ಯಗಳನ್ನೆಲ್ಲ ಕ್ರಮವಾಗಿ ನೋಡಬೇಕು, ಉಳಿದವುಗಳನ್ನು ದಾಟಿಸಬಹುದು. ದಾಟಿಸುವುದು ಬೇರೆ, ವೇಗ ಹೆಚ್ಚಿಸಿ ಓಡಿಸುವುದು ಬೇರೆ. ಒಂದೂವರೆ ಪಟ್ಟು ವೇಗದಲ್ಲಿ ನೋಡಿದರೆ ನಟನ ನಿಲುಗಡೆಗಳು ಸಾಯುತ್ತವೆ, ಮತ್ತು ನಿಲುಗಡೆಯಲ್ಲೇ ಅಭಿನಯವಿರುತ್ತದೆ.

ಒಳ್ಳೆಯ ಭಾಗ ಎಲ್ಲಿ ಬರುತ್ತದೆಂದು ಮೊದಲೇ ತಿಳಿದುಕೊಳ್ಳದೆ ಕುಳಿತರೆ ಅದು ಬರುವ ಹೊತ್ತಿಗೆ ತಾಳ್ಮೆ ಕಳೆದಿರುತ್ತದೆ. ಮೂರು ತಾಸಿನ ‘ಪರ್ಲ್ ಹಾರ್ಬರ್’ (2001) ಚಿತ್ರದಲ್ಲಿ ಜಪಾನಿ ವಿಮಾನಗಳ ದಾಳಿ ಬರುವುದು ಅರ್ಧ ಚಿತ್ರದ ಸುಮಾರಿಗೆ, ಅಲ್ಲಿಯವರೆಗೆ ತ್ರಿಕೋನ ಪ್ರೇಮ. ಆ ದಾಳಿಯ ದೃಶ್ಯಗಳ ಶಬ್ದವೇ ಚಿತ್ರದ ಬಂಡವಾಳ. ಧ್ವನಿ ಸಂಕಲನಕ್ಕೆ ಆಸ್ಕರ್ ಪಡೆದ ಚಿತ್ರವದು. ಅದನ್ನು ಫೋನಿನ ಸ್ಪೀಕರಿನಲ್ಲಿ ಕೇಳುವುದಾದರೆ ನೋಡದಿರುವುದೇ ಮೇಲು.

ನೋಡುವಾಗ

ಒಂದು ಅಂಶಕ್ಕಾಗಿ ನೋಡುವಾಗ ಉಳಿದ ಅಂಶಗಳು ಗಮನ ಕದಿಯದಂತೆ ತಡೆಯುವುದೇ ಅಭ್ಯಾಸದ ತಿರುಳು. ಛಾಯಾಗ್ರಹಣಕ್ಕಾಗಿ ನೋಡುತ್ತಿದ್ದರೆ ಒಂದು ದೃಶ್ಯವನ್ನು ಧ್ವನಿ ಪೂರ್ತಿ ಬಂದ್ ಮಾಡಿ ನೋಡಿ. ಸಂಭಾಷಣೆಯ ಪೇಲವತನ ಕಿವಿಗೆ ಬೀಳದಿದ್ದಾಗ ಬೆಳಕು ಯಾವ ಕಡೆಯಿಂದ ಬರುತ್ತಿದೆ, ಮುಖದ ಯಾವ ಭಾಗ ನೆರಳಿನಲ್ಲಿದೆ, ಕ್ಯಾಮೆರಾ ಚಲಿಸಲು ಕಾರಣ ಏನು ಎಂಬುದು ಕಣ್ಣಿಗೆ ಕಾಣತೊಡಗುತ್ತದೆ. ಸಂಗೀತಕ್ಕಾದರೆ ಇದರ ವಿರುದ್ಧ: ಇಯರ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿ, ಆಮೇಲೆ ಕಣ್ಣು ತೆರೆದು ಅದೇ ದೃಶ್ಯ ನೋಡಿ, ಚಿತ್ರ ಆ ಸಂಗೀತಕ್ಕೆ ಎಲ್ಲಿ ಸಾಲದಾಯಿತೆಂದು ಗಮನಿಸಿ. ಸೆಟ್ಟು ಮತ್ತು ಉಡುಪುಗಳಿಗಾಗಿ ನೋಡುವವರು ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ಹಿನ್ನೆಲೆಯನ್ನು ನೋಡಬೇಕು; ಮುಂದೆ ನಿಂತ ನಟರ ಹಿಂದೆ ಕಲಾ ನಿರ್ದೇಶಕ ಇಟ್ಟಿರುವ ಪಾತ್ರೆ, ಪರದೆ, ದೀಪಗಳಲ್ಲಿ ಕಥೆಗಾರನಿಗಿಂತ ಹೆಚ್ಚು ತಿಳಿವಳಿಕೆ ಕಾಣುವುದುಂಟು.

ಕಂಡದ್ದನ್ನು ಎರಡು ಸಾಲಿನಲ್ಲಿ ಬರೆದಿಡಿ: ಯಾವ ಚಿತ್ರ, ಎಷ್ಟನೆಯ ನಿಮಿಷ, ಏನು ಚೆನ್ನಾಗಿತ್ತು. ‘ಚೆನ್ನಾಗಿತ್ತು’ ಎಂದಷ್ಟೇ ಬರೆದರೆ ಆರು ತಿಂಗಳ ಮೇಲೆ ನಿಮಗೇ ಅರ್ಥವಾಗುವುದಿಲ್ಲ. ‘ಸಾಲು ಮುಗಿದ ಮೇಲೆ ತಾಳವಿಲ್ಲದ ಮೌನ’ ಎಂದು ಬರೆದರೆ ಮುಂದಿನ ಚಿತ್ರದಲ್ಲಿ ಅಂಥದ್ದನ್ನು ಗುರುತಿಸಲು ಕಿವಿ ಸಿದ್ಧವಾಗುತ್ತದೆ.

ಒಂದು ಗುಣ ಇಡೀ ಚಿತ್ರದ ದೋಷವನ್ನು ತೊಳೆದುಬಿಡುತ್ತದೆ ಎಂದು ಮಾತ್ರ ಎಂದೂ ವಾದಿಸಬಾರದು. ‘ನಾರ್ಬಿಟ್’ ಚಿತ್ರದಲ್ಲಿ ರಿಕ್ ಬೇಕರ್ ತಂಡದ ಮೇಕಪ್ ಎಷ್ಟೇ ಅದ್ಭುತವಾಗಿದ್ದರೂ ಆ ಮೇಕಪ್ಪನ್ನು ಬಳಸಿರುವುದು ದಪ್ಪ ಹೆಂಗಸೊಬ್ಬಳನ್ನು ಹೀಯಾಳಿಸುವುದಕ್ಕೆ. ನಮ್ಮ ಹಳೆಯ ಚಿತ್ರಗಳ ಬಿಡಿ ಹಾಸ್ಯದಲ್ಲೂ ಮೈಬಣ್ಣವನ್ನು, ಅಂಗವೈಕಲ್ಯವನ್ನು ಆಡಿಕೊಳ್ಳುವ ಮಾತು ಬೇಕಾದಷ್ಟಿದೆ. ಕೆಲಸದ ಹಿರಿಮೆಯನ್ನೂ ಅದರ ದುರುಪಯೋಗವನ್ನೂ ಎರಡೂ ಕಣ್ಣಿಂದ ನೋಡಲು ಸಾಧ್ಯ, ನೋಡಬೇಕು ಕೂಡ. ಗೌರವಕ್ಕೇ ಧಕ್ಕೆ ತರುವ ಚಿತ್ರವಾದರೆ ಬಿಡಿ ಭಾಗವನ್ನು ಮಾತ್ರ ನೋಡಿ, ಅದೂ ಬೇಡವೆನಿಸಿದರೆ ಬಿಡಿ. ನೋಡಬೇಕಾದ ಬೇರೆ ಕೆಲಸಗಳು ಕಾದಿವೆ.

ಇನ್ನೊಬ್ಬರಿಗೆ ಇಂಥ ಚಿತ್ರವನ್ನು ಸೂಚಿಸುವಾಗ ಅದರ ದೋಷವನ್ನು ಮೊದಲು ಹೇಳಿ, ಗುಣವನ್ನು ಆಮೇಲೆ ಹೇಳಿ, ನಿಮಿಷವನ್ನೂ ತಿಳಿಸಿ. ‘ಒಳ್ಳೆಯ ಸಿನಿಮಾ, ನೋಡು’ ಎಂದು ಕಳಿಸಿದರೆ ನೋಡಿದವರು ಅರ್ಧಕ್ಕೇ ಎದ್ದುಹೋಗುತ್ತಾರೆ, ಮತ್ತು ಆ ಕಲಾವಿದನ ಕೆಲಸ ಅವರ ಕಣ್ಣಿಗೆ ಬೀಳದೆಯೇ ಉಳಿಯುತ್ತದೆ. ಹಾಡು ಕೇಳುವ ಅಭ್ಯಾಸವಿರುವವರಿಗೆ ‘ರಜಿಯಾ ಸುಲ್ತಾನ್’ ಹಾಡುಗಳನ್ನು, ನಾಟಕ ನೋಡಿ ಬೆಳೆದವರಿಗೆ ಹುಲಿಯಾ ಮತ್ತು ರಿಕ್‌ಮನ್ ಅವರನ್ನು, ಹರೆಯದ ಹುಡುಗರಿಗೆ ಟೋನಿ ಜಾನ ಆ ನಾಲ್ಕು ನಿಮಿಷಗಳನ್ನು ಮೊದಲು ತೋರಿಸಿ. ಅವರು ತಾವಾಗಿ ‘ಇಂಥದ್ದು ಇನ್ನೇನಿದೆ’ ಎಂದು ಕೇಳಿದಾಗ ನಿಮ್ಮ ಪಟ್ಟಿಯನ್ನು ಕೊಡಿ.